ತಮ್ಮ ಹೋದ ಮೇಲೆ ಅಕ್ಕನ ಅಳುವಿಗೆ ಜಾಗ ಎಲ್ಲಿ?

ಪ್ರಶ್ನೆ: ನನಗೆ 33 ವರ್ಷ. ಮದುವೆಯಾಗಿ ಹುಬ್ಬಳ್ಳಿಯಲ್ಲಿದ್ದೇನೆ. ಐದು ವರ್ಷದ ಮಗನಿದ್ದಾನೆ. ತವರು ಗದಗ ಜಿಲ್ಲೆಯ ಒಂದು ಹಳ್ಳಿ. ಏಳು ತಿಂಗಳ ಹಿಂದೆ ನನ್ನ ಒಬ್ಬನೇ ತಮ್ಮ ಆತ್ಮಹತ್ಯೆಯಿಂದ ತೀರಿಕೊಂಡ. ಅವನಿಗೆ 26. ಧಾರವಾಡದಲ್ಲಿ ರೂಮ್ ಮಾಡಿಕೊಂಡು ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿದ್ದ. ಎರಡು ದಿನ ಮೊದಲು ಸಂಜೆ ಫೋನ್ ಮಾಡಿ "ಅಕ್ಕಾ, ಏನ್ ಮಾಡಾಕತ್ತಿ?" ಅಂದ. "ರೊಟ್ಟಿ ಬಡಿಯಾಕತ್ತೀನಪ್ಪಾ, ಆಮ್ಯಾಲ ಮಾಡ್ತೀನಿ" ಅಂದೆ. ಮಾಡಲಿಲ್ಲ, ಮರೆತುಬಿಟ್ಟೆ. ಒಂದು ದಿನ ಅವ್ವ "ಅವತ್ತು ನೀ ಮಾತಾಡಿದ್ದರ..." ಅಂತ ಅಂದುಬಿಟ್ಟಳು. ಆಮೇಲೆ ನನಗೆ ನಿದ್ದೆ ಇಲ್ಲ. ಬಂಧುಗಳೆಲ್ಲ "ಇನ್ನ ಅಪ್ಪ ಅವ್ವಗ ನೀನ ಮಗ, ಧೈರ್ಯ ತಗೋ" ಅನ್ನುತ್ತಾರೆ. ಊರಲ್ಲಿ, ನನ್ನ ಅತ್ತೆ ಮನೆಯಲ್ಲಿ ಹಾರ್ಟ್ ಅಟ್ಯಾಕ್ ಅಂತ ಹೇಳಿದ್ದೇವೆ. ಗಂಡನಿಗೆ ಮಾತ್ರ ನಿಜ ಗೊತ್ತು. ಮಗ "ಮಾಮಾ ಯಾವಾಗ ಬರ್ತಾನ?" ಅಂತ ಕೇಳುತ್ತಾನೆ. ಯಾರೋ ಕಳಿಸಿದ ಫೋಟೊ ಒಂದನ್ನು ವಾಟ್ಸಾಪ್‌ನಲ್ಲಿ ನೋಡಿದ್ದೇನೆ, ಅದು ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಒಮ್ಮೊಮ್ಮೆ ತಮ್ಮನ ಮೇಲೆ ಸಿಟ್ಟು ಬರುತ್ತದೆ, ಆಮೇಲೆ ನಾನು ಪಾಪಿ ಅನ್ನಿಸುತ್ತದೆ. ಗೋಕರ್ಣದಲ್ಲಿ ನಾರಾಯಣ ಬಲಿ ಮಾಡಿಸದಿದ್ದರೆ ಅವನಿಗೆ ಮುಕ್ತಿ ಇಲ್ಲ ಅಂತ ಒಬ್ಬರು ಹೇಳಿದ್ದಾರೆ. ಮುಂದಿನ ತಿಂಗಳು ಪಂಚಮಿ. ಪ್ರತಿ ವರ್ಷ ಅವನೇ ಕರೆಯಲು ಬರುತ್ತಿದ್ದ. ಕೆಲವು ಸಲ ಅವನ ಹತ್ರನೇ ಹೋಗಿಬಿಡೋಣ ಅನ್ನಿಸುತ್ತದೆ. ಏನು ಮಾಡಲಿ?
— ಹೆಸರು ಬೇಡ

ಉತ್ತರ: ನಿಮ್ಮ ಪತ್ರದ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ಉಳಿದದ್ದೆಲ್ಲ ಆಮೇಲೆ.

"ಅವನ ಹತ್ರನೇ ಹೋಗಿಬಿಡೋಣ" ಎಂದು ಬರೆದಿದ್ದೀರಿ. ಹೋದವರನ್ನು ಒಂದು ಸಲ ನೋಡಬೇಕು, ಒಂದೇ ಒಂದು ಮಾತಾಡಬೇಕು ಎಂಬ ಹಂಬಲ ದುಃಖದಲ್ಲಿರುವ ಬಹಳ ಜನಕ್ಕೆ ಬರುತ್ತದೆ. ಅದು ಬೇರೆ. ನಾನೂ ಸಾಯಬೇಕು, ಯಾವಾಗ, ಹೇಗೆ ಎಂದು ಮನಸ್ಸು ಲೆಕ್ಕ ಹಾಕುವುದು ಬೇರೆ. ನಿಮ್ಮದು ಯಾವುದು? ಸುತ್ತಿ ಬಳಸಿ ಕೇಳುತ್ತಿಲ್ಲ. ಎರಡನೆಯದು ಒಂದು ಸಲ ಬಂದು ಹೋಗಿದ್ದರೂ, ಓದುವುದನ್ನು ಇಲ್ಲಿಗೇ ನಿಲ್ಲಿಸಿ. ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿ. ಕೆಲವು ದಿನ ಒಬ್ಬರೇ ಇರಬೇಡಿ. ಮನೆಯಲ್ಲಿ ಅಪಾಯ ಆಗುವಂಥ ವಸ್ತು ಏನೇ ಇದ್ದರೂ ಅದು ನಿಮ್ಮ ಕೈಗೆ ಸಿಗದ ಹಾಗೆ ಅವರು ತೆಗೆದಿಡಲಿ. 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಆ ಹೊತ್ತಿಗೆ ತಡೆದುಕೊಳ್ಳಲು ಆಗುತ್ತಿಲ್ಲ ಅನ್ನಿಸಿದರೆ 112ಕ್ಕೆ ಕರೆ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಇಷ್ಟು ಒತ್ತಿ ಹೇಳಲು ಕಾರಣ ಇದೆ. ಒಡಹುಟ್ಟಿದವರನ್ನು ಹೀಗೆ ಕಳೆದುಕೊಂಡವರಿಗೆ ಇಂಥ ಯೋಚನೆಯ ಅಪಾಯ ಉಳಿದವರಿಗಿಂತ ಜಾಸ್ತಿ ಎಂದು ಬೇರೆ ಬೇರೆ ದೇಶಗಳ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಅದು ಹಣೆಬರಹ ಅಲ್ಲ. ಹೆಚ್ಚಿನವರು ಈ ದುಃಖವನ್ನು ದಾಟಿ ಬದುಕುತ್ತಾರೆ. ಆದರೆ "ತಮ್ಮ ಹೋಗಿದ್ದಾನಲ್ಲ, ಹಾಗೆಲ್ಲ ಅನ್ನಿಸೋದು ಸಹಜ" ಎಂದು ಸುಮ್ನೆ ಬಿಟ್ಟುಬಿಡುವ ವಿಷಯವೂ ಅಲ್ಲ.

ಈಗ ಆ ಸಂಜೆಯ ಫೋನಿಗೆ ಬರೋಣ. ನಿಮ್ಮ ನಿದ್ದೆ ಹೋಗಿರುವುದು ಅಲ್ಲಿ.

ತಮ್ಮ ಫೋನ್ ಮಾಡಿ "ಏನ್ ಮಾಡಾಕತ್ತಿ?" ಅಂತ ಕೇಳಿದ್ದು ಅದೇ ಮೊದಲಾ? ಖಂಡಿತ ಇರಲಿಕ್ಕಿಲ್ಲ. ಎಷ್ಟು ಸಲ ನೀವು ರೊಟ್ಟಿ ಬಡಿಯುತ್ತಾ, ಮಗನಿಗೆ ಊಟ ಮಾಡಿಸುತ್ತಾ "ಆಮ್ಯಾಲ ಮಾಡ್ತೀನಿ" ಅಂದಿದ್ದೀರಿ, ಎಷ್ಟು ಸಲ ಮರೆತಿದ್ದೀರಿ. ಅವನೂ ಮರೆತಿರುತ್ತಾನೆ. ಮರುದಿನ ಇಬ್ಬರಲ್ಲಿ ಒಬ್ಬರು ಮಾಡಿರುತ್ತೀರಿ. ಅಕ್ಕ ತಮ್ಮ ಅಂದರೆ ಹಾಗೇ ಅಲ್ವಾ? ಇವತ್ತಲ್ಲದಿದ್ದರೆ ನಾಳೆ ಸಿಗುತ್ತಾನೆ ಎಂಬ ಸಲಿಗೆ. ಆ ಸಲಿಗೆ ತಪ್ಪಲ್ಲ. ಎರಡು ದಿನ ಆದ ಮೇಲೆ ಏನಾಯಿತು ಎಂಬುದು ಇವತ್ತು ನಿಮಗೆ ಗೊತ್ತಿದೆ. ಆ ಸಂಜೆ ಹಂಚಿನ ಮುಂದೆ ಕೂತಿದ್ದ ಅಕ್ಕನಿಗೆ ಗೊತ್ತಿರಲಿಲ್ಲ. ನೀವು ಈಗಿನ ತಿಳಿವಳಿಕೆಯನ್ನು ಹೊತ್ತುಕೊಂಡು ಹೋಗಿ ಆ ಅಕ್ಕನನ್ನು ಕಟಕಟೆಯಲ್ಲಿ ನಿಲ್ಲಿಸುತ್ತಿದ್ದೀರಿ.

ಒಂದು ಕೆಲಸ ಮಾಡಿ. ಮಗ ಮಲಗಿದ ಮೇಲೆ ಒಂದು ಹಾಳೆ ತೆಗೆದುಕೊಂಡು, ಆ ಸಂಜೆ ನಿಮಗೆ ನಿಜಕ್ಕೂ ಗೊತ್ತಿದ್ದದ್ದನ್ನು ಮಾತ್ರ ಬರೆಯಿರಿ. ಅವನ ದನಿ ಹೇಗಿತ್ತು, ಏನು ಕೇಳಿದ, ಒಲೆ ಮೇಲೆ ಏನಿತ್ತು, ಹೊತ್ತೆಷ್ಟಾಗಿತ್ತು. ಆಮೇಲೆ ತಿಳಿದ ಒಂದು ವಿಷಯವನ್ನೂ ಸೇರಿಸಬೇಡಿ. ಬರೆದು ಗಂಡನಿಗೆ ಓದಿ ಹೇಳಿ. ಇದನ್ನು ಮಾಡಿದ ಹಲವರು ಆ ಹಾಳೆಯಲ್ಲಿ ತಮ್ಮ ಅಪರಾಧವನ್ನು ಹುಡುಕುತ್ತಾರೆ. ಸಿಗುವುದು ಒಂದು ಮಾಮೂಲಿ ಸಂಜೆ. ತಪ್ಪಿತಸ್ಥ ಭಾವ ಇದರಿಂದ ಒಂದೇ ದಿನಕ್ಕೆ ಹೋಗುವುದಿಲ್ಲ. ಆದರೆ ಅದು ಮತ್ತೆ ಬಂದಾಗ ತೋರಿಸಲು ನಿಮ್ಮ ಹತ್ತಿರ ಒಂದು ಕಾಗದ ಇರುತ್ತದೆ.

ನಾನು ಇನ್ನೊಂದು ಮಾತನ್ನೂ ಹೇಳಬೇಕು. "ನೀನು ಏನು ಮಾಡಿದ್ದರೂ ಅವನು ಉಳಿಯುತ್ತಿರಲಿಲ್ಲ" ಎಂದು ಸಮಾಧಾನ ಹೇಳುವವರು ಸಿಗುತ್ತಾರೆ. ಅದು ಯಾರಿಗೂ ಗೊತ್ತಿಲ್ಲ, ಹಾಗಾಗಿ ನಾನು ಹೇಳುವುದಿಲ್ಲ. ನನಗೆ ಗೊತ್ತಿರುವುದು ಇಷ್ಟು: ಒಂದು ಫೋನ್ ಮಾಡದೇ ಇದ್ದದ್ದರಿಂದ ಯಾರೂ ಸಾಯುವುದಿಲ್ಲ. ಪರೀಕ್ಷೆಯ ಒತ್ತಡ ಒಂದರಿಂದಲೂ ಅಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರತಿ ವರ್ಷ ಆತ್ಮಹತ್ಯೆಗಳ ಪಟ್ಟಿ ಮಾಡುತ್ತದೆ. 2022ರಲ್ಲಿ ದೇಶದಲ್ಲಿ 1,70,924 ಜನ ಹೀಗೆ ತೀರಿಕೊಂಡರು, ಕರ್ನಾಟಕದಲ್ಲೇ 13,606. ಆ ಪಟ್ಟಿಯಲ್ಲಿ ಸಾವುಗಳನ್ನೆಲ್ಲ ಕಾರಣಗಳ ಕೆಳಗೆ ಹಂಚಿರುತ್ತಾರೆ: ಕೌಟುಂಬಿಕ ಸಮಸ್ಯೆ, ಕಾಯಿಲೆ, ಸಾಲ, ಪರೀಕ್ಷೆಯಲ್ಲಿ ಫೇಲ್. ಸರ್ಕಾರದ ಲೆಕ್ಕಕ್ಕೆ ಒಂದು ಕಾಲಂ ತುಂಬಲೇಬೇಕು. ಆದರೆ ಬದುಕಿನಲ್ಲಿ ಹಾಗೆ ಒಂದೇ ಕಾರಣ ಇರುವುದಿಲ್ಲ. ಎಷ್ಟೋ ಸಲ ಗುರುತಿಸದೇ ಉಳಿದ ಖಿನ್ನತೆ, ತಿಂಗಳುಗಟ್ಟಲೆ ಸರಿಯಾಗಿ ಇಲ್ಲದ ನಿದ್ದೆ, ಹೇಳಿಕೊಳ್ಳಲಾಗದ ಸಂಕೋಚ, ದುಡ್ಡಿನ ಚಿಂತೆ ಒಂದರ ಮೇಲೊಂದು ಸೇರಿರುತ್ತವೆ. ಆ ಹೊತ್ತಿನಲ್ಲಿ ಮನಸ್ಸು ಎಷ್ಟು ಕಿರಿದಾಗುತ್ತದೆ ಅಂದರೆ, ಮನೆಯವರ ಮುಖ ಕೂಡ ಕಣ್ಣಿಗೆ ಬರದೇ ಹೋಗಬಹುದು. ನಿಮ್ಮ ಮೇಲೆ ಪ್ರೀತಿ ಇಲ್ಲದ್ದಕ್ಕೆ ಅವನು ಹೋದ ಎಂದು ಅಂದುಕೊಳ್ಳಬೇಡಿ. ಅವನ ನೋವು ಅವನಿಗೆ ಉಳಿದ ಎಲ್ಲವನ್ನೂ ಮರೆಮಾಡಿತ್ತು. ನಮ್ಮ ಕಾನೂನೂ ಈಗ ಹಾಗೇ ನೋಡುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ, ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರು ಎಂದೇ ಮೊದಲು ಭಾವಿಸಬೇಕು. ಅಂಥವರಿಗೆ ಬೇಕಾಗಿರುವುದು ಆರೈಕೆ ಎಂಬುದು ಆ ಕಾಯ್ದೆಯ ನಿಲುವು.

ಸಿಟ್ಟು ಬರಲಿ. ಬಿಡಿ. "ನಮಗೊಂದು ಮಾತು ಹೇಳಬಾರದಿತ್ತೇನೋ?" ಎಂದು ಅವನ ಫೋಟೊ ಮುಂದೆ ನಿಂತು ಜೋರಾಗಿ ಬೈದರೂ ನೀವು ಪಾಪಿ ಆಗುವುದಿಲ್ಲ. ಬದುಕಿದ್ದಾಗ ಬೈಯುತ್ತಿರಲಿಲ್ಲವೇ? ಪ್ರೀತಿಯೂ ಸಿಟ್ಟೂ ಒಟ್ಟಿಗೇ ಇರುತ್ತವೆ.

ಇನ್ನು "ನೀನ ಮಗ" ಎಂಬ ಮಾತು. ನಿಮ್ಮ ಪತ್ರದಲ್ಲಿ ನನ್ನನ್ನು ತುಂಬಾ ಕಾಡಿದ್ದು ಇದು. ಸಾವು ಆದ ಮನೆಗೆ ಬಂದವರು ಅವ್ವನ ಕೈ ಹಿಡಿದು ಅಳುತ್ತಾರೆ, ಅಪ್ಪನ ಪಕ್ಕ ಕೂರುತ್ತಾರೆ. ಅಕ್ಕ ಚಹಾ ಲೋಟ ಹಿಡಿದು ಓಡಾಡುತ್ತಿರುತ್ತಾಳೆ. ಅವಳನ್ನು ಬಾಗಿಲ ಹತ್ತಿರ ನಿಲ್ಲಿಸಿ "ಅವ್ವನ್ನ ಚಲೋ ನೋಡ್ಕೋ" ಅಂತ ಹೇಳಿ ಹೊರಡುತ್ತಾರೆ. ನೀನು ಹೇಗಿದ್ದೀ ಎಂದು ಕೇಳುವವರಿಲ್ಲ. ನನ್ನ ಹತ್ತಿರ ಬರುವ ಒಡಹುಟ್ಟಿದವರಲ್ಲಿ ಹೆಚ್ಚಿನವರು ಮೊದಲ ಅರ್ಧ ಗಂಟೆ ತಂದೆ ತಾಯಿಯ ಬಗ್ಗೆಯೇ ಮಾತಾಡುತ್ತಾರೆ. ತಂತಮ್ಮ ಬಗ್ಗೆ ಹೇಳಿಕೊಳ್ಳಲು ಹಕ್ಕಿಲ್ಲ ಎಂಬಂತೆ. ಅಮೆರಿಕದ ಕೆನೆತ್ ಡೋಕಾ ಎಂಬ ತಜ್ಞರು 1989ರಲ್ಲೇ, ಸುತ್ತಲಿನ ಜನ ದುಃಖ ಎಂದೇ ಒಪ್ಪದ ದುಃಖಗಳ ಬಗ್ಗೆ ಬರೆದರು. ಅಳಲು ಜಾಗ ಸಿಗದ ದುಃಖ ಕರಗುವುದು ಕಷ್ಟ ಎಂಬುದನ್ನು ನಾನೂ ನೋಡುತ್ತಾ ಬಂದಿದ್ದೇನೆ. ಅಕ್ಕನದು ಸಣ್ಣ ನಷ್ಟ ಅಲ್ಲ. ಅವನು ಹುಟ್ಟಿದಾಗ ನಿಮಗೆ ಏಳು ವರ್ಷ. ಎತ್ತಿ ಆಡಿಸಿದ್ದೀರಿ. ಅಪ್ಪ ಅವ್ವನಿಗೆ ವಯಸ್ಸಾದಾಗ ಇಬ್ಬರೂ ಸೇರಿ ನೋಡಿಕೊಳ್ಳುತ್ತೀರಿ ಎಂದುಕೊಂಡಿದ್ದಿರಿ. ನಿಮ್ಮ ಬಾಲ್ಯ ಗೊತ್ತಿದ್ದ ಇನ್ನೊಂದು ಜೀವ ಅದು.

ನೀವು ಅವರಿಗೆ ಮಗಳು. ಮಗನ ಜಾಗ ತುಂಬುವ ಕೆಲಸ ಯಾರಿಂದಲೂ ಆಗುವುದಿಲ್ಲ, ಅದನ್ನು ಒಪ್ಪಿಕೊಳ್ಳಬೇಡಿ. ಮುಂದಿನ ಸಲ ಯಾರಾದರೂ ಧೈರ್ಯ ತಗೋ ಅಂದರೆ "ನನಗೂ ತಮ್ಮ ಹೋಗ್ಯಾನ" ಅಂತ ಹೇಳಿ. ಅಷ್ಟೇ ಸಾಕು. ಅವ್ವನ ಔಷಧಿ, ಆಸ್ಪತ್ರೆ, ದಿನದ ಒಂದು ಫೋನ್ ಇಂಥ ಕೆಲಸಗಳನ್ನು ಚಿಕ್ಕಮ್ಮ, ಸೋದರಮಾವ, ಪಕ್ಕದ ಮನೆಯವರ ನಡುವೆ ಹಂಚಿ. ಧೈರ್ಯ ಹೇಳಿದವರ ಕೈಗೇ ಒಂದೊಂದು ಕೆಲಸ ಕೊಡಿ.

ಅವ್ವ ಅಂದ ಮಾತು ಚುಚ್ಚಿದೆ. ಮಗ ಹೋದ ತಾಯಿ ಕಾರಣ ಹುಡುಕುತ್ತಾ ಎಲ್ಲ ಕಡೆ ಕೈ ಆಡಿಸುತ್ತಾಳೆ, ತನ್ನನ್ನೇ ಬೈದುಕೊಳ್ಳುತ್ತಾಳೆ, ಹತ್ತಿರದವರಿಗೂ ಒಂದು ಏಟು ಬೀಳುತ್ತದೆ. ಅವಳ ನೋವು ಅರ್ಥ ಮಾಡಿಕೊಂಡರೂ ನಿಮಗಾದ ಗಾಯ ಗಾಯವೇ. ಇದನ್ನು ಒಳಗಿಟ್ಟುಕೊಂಡು ವರ್ಷಗಟ್ಟಲೆ ಅವ್ವನ ಜೊತೆ ಬರೀ ಊಟ ಔಷಧಿ ಮಾತಾಡುವುದಕ್ಕಿಂತ, ಒಂದು ಮಧ್ಯಾಹ್ನ ಇಬ್ಬರೇ ಇದ್ದಾಗ ಹೇಳಿಬಿಡಿ: "ಅವ್ವಾ, ನೀ ಅವತ್ತು ಹಂಗ ಅಂದಿ. ನಾನೂ ದಿನಾ ಅದನ್ನ ಕೇಳ್ಕೊಂತೀನಿ. ನನಗ ಭಾಳ ನೋವಾಗ್ಯದ." ಅವ್ವ ಅಳಬಹುದು, ಎದ್ದು ಹೋಗಬಹುದು, ಆ ಮಾತು ಅಂದದ್ದೇ ನೆನಪಿಲ್ಲ ಅನ್ನಬಹುದು. ಏನೇ ಆದರೂ ನೀವಿಬ್ಬರೂ ಮೊದಲ ಸಲ ಅವನ ಬಗ್ಗೆ ಒಟ್ಟಿಗೆ ಅತ್ತ ಹಾಗಾಗುತ್ತದೆ.

ಹಾರ್ಟ್ ಅಟ್ಯಾಕ್ ಎಂದು ಹೇಳಿದ್ದಕ್ಕೆ ನಿಮ್ಮನ್ನು ನಾನು ದೂರುವುದಿಲ್ಲ. ಆ ದಿನ ಯಾರಿಗೆ ಏನು ಹೇಳಬೇಕೆಂದು ಕೂತು ಯೋಚಿಸುವ ಸ್ಥಿತಿಯಲ್ಲಿ ಯಾರಿರುತ್ತಾರೆ? ಆದರೆ ಸುಳ್ಳಿಗೆ ಕಾವಲು ಬೇಕು. ಅತ್ತೆ ಮುಂದೆ ಅತ್ತರೆ ಏನು ಕೇಳುತ್ತಾರೋ, ಊರಿನವರು ಏನು ಬಾಯಿ ಬಿಡುತ್ತಾರೋ ಎಂದು ದಿನವಿಡೀ ಎಚ್ಚರ ಇರಬೇಕು. ಆ ದಣಿವು ದುಃಖದ ಮೇಲಿನ ಹೆಚ್ಚುವರಿ ಹೊರೆ. ಇನ್ನೂ ಒಂದು ವಿಷಯ. ಇಂಥ ಸಾವಿನಲ್ಲಿ ಪೊಲೀಸರು ಬರುತ್ತಾರೆ, ಯುಡಿಆರ್ ದಾಖಲಾಗುತ್ತದೆ, ಮರಣೋತ್ತರ ಪರೀಕ್ಷೆ ಆಗುತ್ತದೆ, ಫೋಟೊ ವಾಟ್ಸಾಪ್‌ನಲ್ಲಿ ಓಡಾಡಿದೆ. ಅಂದರೆ ಊರಿಗೆ ಹೆಚ್ಚುಕಡಿಮೆ ಗೊತ್ತಿರುತ್ತದೆ. ಗೊತ್ತಿಲ್ಲದ ಹಾಗೆ ಅವರೂ ಇರುತ್ತಾರೆ, ನೀವೂ ಇರುತ್ತೀರಿ. (ಯುಡಿಆರ್ ಅಂದರೆ ಅಸಹಜ ಸಾವಿನ ಬಗ್ಗೆ ನಡೆಯುವ ವಿಚಾರಣೆ. ಅದು ಮನೆಯವರ ಮೇಲಿನ ಕೇಸ್ ಅಲ್ಲ. ಇದನ್ನು ಅಪ್ಪನಿಗೂ ಹೇಳಿ, ಹಳ್ಳಿಗಳಲ್ಲಿ ಈ ಭಯ ತುಂಬಾ ಇದೆ.)

ಎಲ್ಲರಿಗೂ ಹೇಳಬೇಕಿಲ್ಲ. ಅತ್ತೆಗೆ ನಾಳೆಯೇ ಹೇಳಬೇಕು ಅಂತಲೂ ಇಲ್ಲ. ಮೊದಲು ಒಬ್ಬರನ್ನು ಆರಿಸಿಕೊಳ್ಳಿ. ಕೇಳಿದ್ದನ್ನು ಇನ್ನೊಬ್ಬರಿಗೆ ದಾಟಿಸದ, ಉಪದೇಶ ಮಾಡದ ಒಬ್ಬ ಗೆಳತಿ ಅಥವಾ ಚಿಕ್ಕಮ್ಮ. ಅವಳಿಗೆ ನಿಜ ಹೇಳಿ, ಹೇಗಾಯಿತು ಎಂಬ ವಿವರ ಬೇಡ. ಅತ್ತೆಗೆ ಯಾವಾಗ, ಎಷ್ಟು ಹೇಳಬೇಕು ಎಂಬುದನ್ನು ಗಂಡನ ಜೊತೆ ಕೂತು ತೀರ್ಮಾನಿಸಿ. ಹೇಳುವುದಾದರೆ ಅವರೇ ತಮ್ಮ ತಾಯಿಗೆ ಹೇಳಲಿ. ಅಲ್ಲಿಯವರೆಗೆ ಯಾರಾದರೂ ಕೆದಕಿದರೆ "ಅದರ ಬಗ್ಗೆ ಈಗ ಮಾತಾಡಲಿಕ್ಕೆ ಆಗೋದಿಲ್ಲ" ಅನ್ನಿ. ಇದು ಸುಳ್ಳಲ್ಲ, ಇದಕ್ಕೆ ಕಾವಲೂ ಬೇಕಿಲ್ಲ.

ಮಗನನ್ನು ಮಾತ್ರ ಕಾಯಿಸಬೇಡಿ. ಮಾಮಾ ಊರಿಗೆ ಹೋಗಿದ್ದಾನೆ ಅಂದರೆ ಅವನು ಬಾಗಿಲು ನೋಡುತ್ತಾ ಇರುತ್ತಾನೆ. ಮಲಗಿದ್ದಾನೆ ಅಂದರೆ ಮಲಗಲು ಹೆದರುತ್ತಾನೆ. ಐದು ವರ್ಷದ ಮಗುವಿಗೆ ಇಷ್ಟು ಹೇಳಬಹುದು: "ಮಾಮಾ ಸತ್ತು ಹೋಗ್ಯಾನ ಪುಟ್ಟಾ. ಸತ್ತವರು ತಿರುಗಿ ಬರೂದಿಲ್ಲ. ಅವನ ಮನಸ್ಸಿಗೆ ಭಾಳ ಆರಾಮ ಇರಲಿಲ್ಲ. ಅದು ಜ್ವರದಂಗ ಒಬ್ಬರಿಂದ ಒಬ್ಬರಿಗೆ ಬರೂದಲ್ಲ. ನೀ ಏನೋ ಮಾಡಿದ್ದಕ್ಕ ಆಗಿದ್ದಲ್ಲ. ನಾವು ನಿನ್ನ ಜೋಡಿ ಇರ್ತೀವಿ." ಆಮೇಲೆ ಅವನು ಆಟಕ್ಕೆ ಓಡಬಹುದು. ನಾಳೆ ಮತ್ತೆ ಅದನ್ನೇ ಕೇಳುತ್ತಾನೆ, ಮತ್ತೆ ಅದನ್ನೇ ಹೇಳಿ. ಮಕ್ಕಳು ಸಾವನ್ನು ಹೀಗೆ ತುಣುಕು ತುಣುಕಾಗಿಯೇ ಅರ್ಥ ಮಾಡಿಕೊಳ್ಳುವುದು. ದೊಡ್ಡವನಾದಂತೆ ಉಳಿದ ಸತ್ಯವನ್ನು ಬೇರೆಯವರ ಬಾಯಿಂದ ಕೇಳುವ ಮುಂಚೆ ನಿಮ್ಮ ಬಾಯಿಂದ ಕೇಳಲಿ.

ಆ ಫೋಟೊ ನಿಮ್ಮ ಫೋನಿನಲ್ಲಿ ಇನ್ನೂ ಇದ್ದರೆ ಗಂಡನ ಕೈಗೆ ಕೊಟ್ಟು ಅಳಿಸಿ. ಕಳಿಸಿದವರಿಗೂ ಅಳಿಸಲು ಅವರೇ ಹೇಳಲಿ. ಚಿತ್ರ ಕಣ್ಣ ಮುಂದೆ ಬಂದಾಗ ಅದನ್ನು ಓಡಿಸಲು ಒದ್ದಾಡಿದಷ್ಟೂ ಅದು ಗಟ್ಟಿಯಾಗುತ್ತದೆ. ಎರಡೂ ಪಾದ ನೆಲಕ್ಕೆ ಒತ್ತಿ, ಮುಖಕ್ಕೆ ತಣ್ಣೀರು ಹಾಕಿಕೊಳ್ಳಿ. ಸುತ್ತ ಕಾಣುವ ವಸ್ತುಗಳ ಹೆಸರನ್ನು ಒಂದೊಂದಾಗಿ ಬಾಯಿ ಬಿಟ್ಟು ಹೇಳಿ: ಬಾಗಿಲು, ಕೊಡ, ಮಗನ ಚಪ್ಪಲಿ. ಮನಸ್ಸು ಈ ಕೋಣೆಗೆ ವಾಪಸ್ ಬರುತ್ತದೆ. ಕೆಲವು ವಾರ ಕಳೆದರೂ ಕಡಿಮೆ ಆಗದಿದ್ದರೆ ಇದಕ್ಕೇ ಅಂತ ಚಿಕಿತ್ಸೆ ಇದೆ.

ಮುಕ್ತಿಯ ವಿಷಯ. ನಾನು ಶಾಸ್ತ್ರ ಓದಿದವಳಲ್ಲ. ಗೋಕರ್ಣದಲ್ಲಿ ನಾರಾಯಣ ಬಲಿ ಮಾಡಿಸಿ ಮನಸ್ಸು ಹಗುರ ಆಯಿತು ಎಂದವರನ್ನು ಕಂಡಿದ್ದೇನೆ. ಅಪ್ಪ ಅವ್ವನಿಗೆ ನೆಮ್ಮದಿ ಸಿಗುತ್ತದೆ ಅನ್ನಿಸಿದರೆ, ಕೈಯಲ್ಲಿ ದುಡ್ಡಿದ್ದರೆ ಹೋಗಿ ಬನ್ನಿ. ಅವನನ್ನು ಎಲ್ಲರೂ ಕೂಡಿ ಕಳಿಸಿಕೊಟ್ಟ ಹಾಗಾಗುತ್ತದೆ. ಹೆದರಿಕೆಗೆ ಸಾಲ ಮಾಡಿ ಹೋಗಬೇಡಿ. ಅವನು ಎಲ್ಲೋ ಅಲೆಯುತ್ತಿದ್ದಾನೆ ಎಂದು ದುಃಖದ ಮನೆಯವರನ್ನು ಹೆದರಿಸುವ ಯಾರ ಮಾತಿಗೂ ಬೆಲೆ ಕೊಡಬೇಡಿ. ಅಷ್ಟು ನೋವು ತಿಂದ ಹುಡುಗನ ಬಗ್ಗೆ ಆ ಮಾತು ಆಡುವುದು ಕ್ರೂರ. ಇದನ್ನು ನಾನು ಪೂರ್ತಿ ನಂಬಿ ಹೇಳುತ್ತಿದ್ದೇನೆ.

ಪಂಚಮಿ ತಾನಾಗಿ ಬಂದು ಮೇಲೆ ಬೀಳುವ ತನಕ ಕಾಯಬೇಡಿ. ಈಗಲೇ ತೀರ್ಮಾನಿಸಿ: ತವರಿಗೆ ಹೋಗುತ್ತೀರೋ ಇಲ್ಲವೋ. ಹೋದರೆ ಗಂಡನ ಜೊತೆ ಹೋಗಿ, ಸಾಕು ಅನ್ನಿಸಿದಾಗ ಹೊರಡಬಹುದು ಎಂದು ಮೊದಲೇ ಮಾತಾಡಿಕೊಳ್ಳಿ. ಈ ವರ್ಷ ಹೋಗಲಾರೆ ಅಂದರೆ ಅದೂ ಸರಿ, ಅವ್ವನನ್ನು ಒಂದೆರಡು ದಿನ ಹುಬ್ಬಳ್ಳಿಗೆ ಕರೆಸಿಕೊಳ್ಳಿ. ಶೇಂಗಾ ಉಂಡಿ ಅವನಿಗೆ ಇಷ್ಟವಿತ್ತಾ? ಕಟ್ಟಿ. ಕಟ್ಟುವಾಗ ಅವನ ಹೆಸರು ಹೇಳಿ, ಅವನ ತುಂಟಾಟದ ಕತೆ ಹೇಳಿ. ಅವನು ಹೇಗೆ ಸತ್ತ ಎಂಬುದು ಅವನ 26 ವರ್ಷದ ಒಂದು ದಿನ ಮಾತ್ರ. ಉಳಿದ ವರ್ಷಗಳನ್ನು ಮನೆಯಲ್ಲಿ ಯಾರೂ ಬಾಯಿಗೆ ತರದೇ ಹೋಗುವುದು ಇಂಥ ಸಾವಿನ ಇನ್ನೊಂದು ಅನ್ಯಾಯ. ಆ ದಿನ ಮಗನ ಜೊತೆ ಜೋಕಾಲಿ ಆಡುತ್ತಾ ನಕ್ಕರೆ ನಾಚಿಕೊಳ್ಳಬೇಡಿ. ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಸ್ಖುಟ್ ಎಂಬ ಇಬ್ಬರು ಸಂಶೋಧಕರು 1999ರಲ್ಲಿ ವಿವರಿಸಿದ್ದು ಇದನ್ನೇ: ದುಃಖದಲ್ಲಿರುವ ಮನುಷ್ಯ ಒಂದು ಗಳಿಗೆ ನೋವಿನ ಕಡೆ ಹೋಗುತ್ತಾನೆ, ಇನ್ನೊಂದು ಗಳಿಗೆ ಬದುಕಿನ ಕಡೆ ಬರುತ್ತಾನೆ. ಈ ಹೋಗಿ ಬರುವಿಕೆಯೇ ಚೇತರಿಕೆಯ ದಾರಿ.

ಕೊನೆಗೆ ಚಿಕಿತ್ಸೆ. ಏಳು ತಿಂಗಳಲ್ಲಿ ದುಃಖ ಮುಗಿಯಬೇಕು ಅಂತ ಯಾರೂ ಹೇಳಲಾರರು. ಹಾಗಿದ್ದರೂ ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಕಾಯಿಲೆಗಳ ಪಟ್ಟಿಯಲ್ಲಿ ದೀರ್ಘಕಾಲದ ದುಃಖದ ತೊಂದರೆಗೆ ಪ್ರತ್ಯೇಕ ಜಾಗ ಇದೆ. ಆರು ತಿಂಗಳು ದಾಟಿದ ಮೇಲೂ ಹಂಬಲ, ತಪ್ಪಿತಸ್ಥ ಭಾವ ಒಂದಿಷ್ಟೂ ಇಳಿಯದೆ ದಿನದ ಕೆಲಸವೇ ನಡೆಯದಂತಾದರೆ ವೈದ್ಯರು ನೋಡಬೇಕು ಎಂದು ಅದರ ಅರ್ಥ. ನಿಮಗೆ ನಿದ್ದೆ ಇಲ್ಲ, ಆ ಚಿತ್ರ ಬಿಡುತ್ತಿಲ್ಲ, ಸಾವಿನ ಯೋಚನೆ ಬಂದಿದೆ. ಈ ಮೂರೂ ಒಟ್ಟಿಗೆ ಇರುವಾಗ ಪಂಚಮಿ ಮುಗಿಯಲಿ, ಆಮೇಲೆ ನೋಡೋಣ ಅನ್ನಬೇಡಿ. ಇದೇ ವಾರ ಹೋಗಿ. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯದ ಆಸ್ಪತ್ರೆ ಇದೆ, ಸರ್ಕಾರದ್ದು, ಹುಬ್ಬಳ್ಳಿಯಿಂದ ಹತ್ತಿರ. ತಮ್ಮ ಇದ್ದ ಊರಿಗೆ ಹೋಗುವುದೇ ಕಷ್ಟ ಅನ್ನಿಸಿದರೆ ಹುಬ್ಬಳ್ಳಿಯಲ್ಲೇ ಮನೋವೈದ್ಯರನ್ನು ನೋಡಿ. ಅವ್ವನಿಗೂ ಬೇಕು ಅನ್ನಿಸಿದರೆ ಗದಗಿನ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರನ್ನು ವಿಚಾರಿಸಿ. ಒಳಗೆ ಹೋದಾಗ ಎಲ್ಲಿಂದ ಶುರು ಮಾಡಬೇಕು ಎಂಬ ಚಿಂತೆ ಬೇಡ. "ಏಳು ತಿಂಗಳ ಹಿಂದೆ ತಮ್ಮ ಆತ್ಮಹತ್ಯೆಯಿಂದ ತೀರಿಕೊಂಡ. ಅವತ್ತಿನಿಂದ ನಿದ್ದೆ ಇಲ್ಲ, ನನಗೂ ಸಾಯಬೇಕು ಅನ್ನಿಸಿದೆ" ಎಂದರೆ ಸಾಕು, ಮುಂದಿನದನ್ನು ಕೇಳುವುದು ವೈದ್ಯರ ಕೆಲಸ. ಹೇಳಲು ಬಾಯಿ ಬರದಿದ್ದರೆ ನೀವು ಬರೆದ ಈ ಪತ್ರವನ್ನೇ ಅವರ ಕೈಗೆ ಕೊಡಿ. ಗಂಡ ಜೊತೆಗೆ ಬರಲಿ. ಆ ಹೊತ್ತು ಮಗನನ್ನು ನೋಡಿಕೊಳ್ಳಲು ಯಾರಿಗೆ ಹೇಳಬೇಕು ಎಂಬುದನ್ನು ಇವತ್ತೇ ಗೊತ್ತು ಮಾಡಿಕೊಳ್ಳಿ.